ಹಿಮದ ಶಾಲೆ ಕಟ್ಟಿದ ಕೊಡಗಿನ ಜನರಲ್ ತಿಮ್ಮಯ್ಯ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಮ್ಮ ಕನ್ನಡ ಸಂಘದಲ್ಲಿ ಅರ್ಧಕ್ಕರ್ಧ ಜನ ಈ ನಾಲ್ಕು ತಾಲ್ಲೂಕಿನವರೇ. ಅಡಿಕೆ ತೋಟ, ತುಂಗಭದ್ರೆ, ಮೆಕ್ಕೆಜೋಳದ ಹೊಲ, ಬಂಡೆಗುಡ್ಡ, ಇವು ನಮಗೆ ಗೊತ್ತು. ಹಿಮ ಅಂದ್ರೆ ನಮಗೆ ಫ್ರಿಜ್ಜಿನ ಮೇಲಿನ ಡಬ್ಬಿ, ಇಲ್ಲಾಂದ್ರೆ ಸಿನಿಮಾ ಹಾಡು. ಹಾಗಿದ್ರೂ ನಮ್ಮಲ್ಲೂ ಸ್ಕೀಯಿಂಗ್ ಹುಚ್ಚು ಹಿಡಿದವರಿದ್ದಾರೆ. ಹಿಮಾಲಯದ ಕಡೆ ಕೋರ್ಸ್ ಮಾಡಿ ಬಂದವರು ಒಂದಿಬ್ಬರು, ಮೊಬೈಲಿನಲ್ಲೇ ಸ್ನೋಬೋರ್ಡ್ ನೋಡಿ ಕನಸು ಕಾಣೋರು ಹತ್ತಾರು ಮಂದಿ. ಇವರೆಲ್ಲರ ಪ್ರಶ್ನೆ ಒಂದೇ: ಹಿಮ ಕರಗಿದ ಮೇಲೆ, ಬೇಸಿಗೆ ಬಂದ ಮೇಲೆ, ಏನ್ ಮಾಡೋದು?

ಈ ಪ್ರಶ್ನೆಗೆ ಒಂದು ಪಟ್ಟಿ ಕೊಟ್ಟು ಮುಗಿಸಬಹುದಿತ್ತು. ಆದರೆ ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬರ ಬದುಕಿನಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಉತ್ತರವಿದೆ. ಅವರೇ ಜನರಲ್ ಕೆ.ಎಸ್. ತಿಮ್ಮಯ್ಯ. ಸೇನಾ ಮುಖ್ಯಸ್ಥರಾಗಿದ್ದವರು ಅಂತ ಎಲ್ಲರಿಗೂ ಗೊತ್ತು. ಗುಲ್ಮಾರ್ಗಿನಲ್ಲಿ ನಮ್ಮ ಸೈನ್ಯದ ಮೊದಲ ಸ್ಕೀ ಶಾಲೆ ಶುರುವಾಗಿದ್ದು ಇವರಿಂದ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಮಡಿಕೇರಿಯಿಂದ ಸ್ಯಾಂಡ್‌ಹರ್ಸ್ಟ್‌ವರೆಗೆ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ ತಿಂಗಳಲ್ಲಿ, ಮಡಿಕೇರಿಯಲ್ಲಿ. ಕಾಫಿ ಬೆಳೆಗಾರರ ಮನೆತನ. ಮನೆಯ ಮೂವರು ಗಂಡುಮಕ್ಕಳೂ ಸೈನ್ಯದ ಅಧಿಕಾರಿಗಳಾದರು. ಎಂಟನೇ ವಯಸ್ಸಿಗೇ ಅವರನ್ನು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ ಸೇರಿಸಿದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಅಲ್ಲಿಂದ 1922ರಲ್ಲಿ ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾದರು. ಆಗ ಅಧಿಕಾರಿ ಹುದ್ದೆಗೆ ಭಾರತೀಯರನ್ನು ಬೆರಳೆಣಿಕೆಯಷ್ಟು ಮಾತ್ರ ತೆಗೆದುಕೊಳ್ಳುತ್ತಿದ್ದ ಕಾಲ.

ಹೈದರಾಬಾದ್ ರೆಜಿಮೆಂಟಿನ (ಈಗಿನ ಕುಮಾಊಂ ರೆಜಿಮೆಂಟ್) ನಾಲ್ಕನೇ ಬೆಟಾಲಿಯನ್ ಸೇರಿ ಬಾಗ್ದಾದಿಗೆ ಹೋದರು. ಮರಳುಗಾಡಿನಿಂದ ಸೇವೆ ಶುರು. 1935ರಲ್ಲಿ ನೀನಾ ಅವರನ್ನು ಮದುವೆಯಾದರು. ಅದೇ ವರ್ಷ ಮೇ 31ರಂದು ಕ್ವೆಟ್ಟಾದಲ್ಲಿ ಭಾರೀ ಭೂಕಂಪವಾಯಿತು. ಹೊಸದಾಗಿ ಮದುವೆಯಾದ ದಂಪತಿ ಅಲ್ಲೇ ಇದ್ದರು, ಇಬ್ಬರೂ ಪರಿಹಾರ ಕೆಲಸಕ್ಕೆ ಇಳಿದರು.

ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯನವರ ಹೆಸರು ಮೇಲೆ ಬಂದದ್ದು ಬರ್ಮಾದ ಅರಕಾನ್ ಕಡೆ. 1945ರ ಆರಂಭದಲ್ಲಿ ಕಾಂಗಾವ್ ಅನ್ನೋ ಜಾಗದಲ್ಲಿ ನಡೆದ ಕಾಳಗದಲ್ಲಿ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳನ್ನು ಮೂವರು ಭಾರತೀಯರು ಮುನ್ನಡೆಸಿದರು: ತಿಮ್ಮಯ್ಯ, ಥೋರಟ್, ಎಲ್.ಪಿ. ಸೇನ್. ಮೂವರಿಗೂ ಡಿಎಸ್‌ಒ ಪದಕ ಬಂತು. ಬಳಿಕ ತಿಮ್ಮಯ್ಯನವರಿಗೆ ಒಂದು ಬ್ರಿಗೇಡೇ ಸಿಕ್ಕಿತು. ಆ ಯುದ್ಧದಲ್ಲಿ ಕಾಲಾಳು ಬ್ರಿಗೇಡೊಂದನ್ನು ಸಮರದಲ್ಲಿ ನಡೆಸಿದ ಭಾರತೀಯ ಅವರೊಬ್ಬರೇ. ಸಿಂಗಾಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪರವಾಗಿ ಹಾಜರಿದ್ದರು. ಅಲ್ಲಿಂದ ಜಪಾನಿಗೂ ಒಂದು ಭಾರತೀಯ ಬ್ರಿಗೇಡ್ ಕರೆದುಕೊಂಡು ಹೋದರು.

ಇಲ್ಲಿವರೆಗೆ ಗಮನಿಸಿ: ಮಲೆನಾಡಿನ ಮಳೆ, ಇರಾಕಿನ ಮರಳು, ಬರ್ಮಾದ ಕಾಡು ಮತ್ತು ಕೆಸರು. ಅವರಿಗೆ ಹೆಸರು ತಂದ ಯಾವ ಕೆಲಸದಲ್ಲೂ ಹಿಮದ ಸುದ್ದಿಯೇ ಇಲ್ಲ.

ಹಿಮ ಕಲಿಸಿದ ಪಾಠ

1948ರ ಮೇ ತಿಂಗಳಲ್ಲಿ ಕಾಶ್ಮೀರ ಕಣಿವೆಯ ಸೈನ್ಯದ ಹೊಣೆ ಮೇಜರ್ ಜನರಲ್ ತಿಮ್ಮಯ್ಯನವರ ಹೆಗಲಿಗೆ ಬಂತು. ಅದೇ ಮುಂದೆ 19ನೇ ಡಿವಿಜನ್ ಆಯಿತು. ಆಗ ದೊಡ್ಡ ತಲೆನೋವು ಲಡಾಖ್. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಜೊಜಿಲಾ ಕಣಿವೆದಾರಿ ದಾಟಬೇಕು. ಎತ್ತರ ಸುಮಾರು 11,500 ಅಡಿ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಹತ್ತಿರ ಹತ್ತಿರ ಎರಡು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟಂಗೆ.

ಈ ಕಥೆಯಲ್ಲಿ ಒಂದು ಸಂಗತಿ ನಮ್ಮನ್ನು ತುಂಬಾ ಕಾಡಿತು. ಅದೇ ವರ್ಷ ಫೆಬ್ರವರಿಯಲ್ಲಿ, ಅಂದ್ರೆ ಯಾರೂ ಜೊಜಿಲಾ ದಾಟಲ್ಲ ಅನ್ನೋ ಕಾಲದಲ್ಲಿ, ಡೋಗ್ರಾ ರೆಜಿಮೆಂಟಿನ ಪೃಥಿ ಚಂದ್ ಅನ್ನೋ ಅಧಿಕಾರಿ ಸುಮಾರು ನಲವತ್ತು ಸ್ವಯಂಸೇವಕ ಸೈನಿಕರ ಜೊತೆ ಆ ದಾರಿ ದಾಟಿ ಮಾರ್ಚ್‌ನಲ್ಲಿ ಲೇಹ್ ಮುಟ್ಟಿದರು. ಪೃಥಿ ಚಂದ್ ಹಿಮಾಲಯದ ಲಾಹೌಲ್‌ನವರು. ಹಿಮ ಅವರಿಗೆ ಮನೆಯ ಅಂಗಳ. ಯಾವ ಹೊತ್ತಿಗೆ ಹೊರಡಬೇಕು, ಯಾವ ಇಳಿಜಾರು ಜಾರಿ ಬೀಳುತ್ತದೆ ಅಂತ ಚಿಕ್ಕಂದಿನಿಂದ ನೋಡಿ ಕಲಿತವರು.

ಅವರ ಜೊತೆ ಸೋನಂ ನೋರ್ಬು ಅನ್ನೋ ಲಡಾಖಿ ಎಂಜಿನಿಯರ್ ಕೂಡ ಹೋದರು. ಲೇಹ್‌ನಲ್ಲಿ ಸಿಂಧೂ ನದಿಯ ಬಯಲಲ್ಲಿ ಊರ ಜನರನ್ನು ಸೇರಿಸಿಕೊಂಡು ಕೆಲವೇ ವಾರಗಳಲ್ಲಿ ವಿಮಾನ ಇಳಿಯುವ ಜಾಗ ಮಾಡಿದರು. ಡಾಂಬರು ಇಲ್ಲ, ಯಂತ್ರ ಇಲ್ಲ. ಸಿವಿಲ್ ಬ್ರಾಂಚಿನವರು ಈ ಹೆಸರು ಬರೆದಿಟ್ಟುಕೊಳ್ಳಿ. 1948ರ ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದರು. ಅಷ್ಟು ಎತ್ತರದ ಹಿಮಪರ್ವತ ಹಾರಿ, ನಕಾಶೆಯಲ್ಲಿಲ್ಲದ ದಾರಿಯಲ್ಲಿ ಹೋಗಿ, ಮಣ್ಣಿನ ಪಟ್ಟಿಯ ಮೇಲೆ ಇಳಿಯಬೇಕು. ಆ ಮೊದಲ ವಿಮಾನದಲ್ಲಿ ಪ್ರಯಾಣಿಕರಾಗಿ ಕೂತಿದ್ದವರು ತಿಮ್ಮಯ್ಯ. ಪೈಲಟ್ ಜೀವ ಪಣಕ್ಕಿಡುವಾಗ ಡಿವಿಜನ್ನಿನ ಯಜಮಾನ ನೆಲದ ಮೇಲೆ ಕೂತಿರಬಾರದು ಅನ್ನೋದು ಅವರ ರೀತಿ.

ಆದರೆ ಎಲ್ಲರೂ ಲಾಹೌಲಿನವರಲ್ಲವಲ್ಲ. ಸೆಪ್ಟೆಂಬರಿನಲ್ಲಿ ಜೊಜಿಲಾ ಮೇಲೆ ಮಾಡಿದ ದಾಳಿಗಳು ಫಲಿಸಲಿಲ್ಲ. ಮೇಲಿನ ಬಂಡೆಗಳಲ್ಲಿ ಕೂತ ಶತ್ರು, ಕೆಳಗೆ ಇಕ್ಕಟ್ಟಾದ ದಾರಿ. ಅದರ ಮೇಲೆ ಚಳಿ ಬೇರೆ. ಬಿಸಿಲು ನಾಡಿನಿಂದ ಬಂದ ಸೈನಿಕರಿಗೆ ಸರಿಯಾದ ಬಟ್ಟೆಯಿಲ್ಲ, ಬೂಟಿಲ್ಲ, ತರಬೇತಿ ಇಲ್ಲ. ಕೈಕಾಲಿನ ಬೆರಳು ಮರಗಟ್ಟಿ ಕಪ್ಪಾಗುವ ಫ್ರಾಸ್ಟ್‌ಬೈಟ್ ಗುಂಡಿನಷ್ಟೇ ಜನರನ್ನು ಕಾಡುವಂಥ ಶತ್ರುವಾಯಿತು.

ತಿಮ್ಮಯ್ಯ ಹೊಸ ಉಪಾಯ ಮಾಡಿದರು: ಆ ಎತ್ತರಕ್ಕೆ ಟ್ಯಾಂಕ್ ಒಯ್ಯೋದು. ಆಗ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದವರು ಇನ್ನೊಬ್ಬ ಕೊಡವರು, ಕೆ.ಎಂ. ಕಾರ್ಯಪ್ಪ. ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಭಾಗದ ತಿರುಗು ಗೋಪುರ ಬಿಚ್ಚಿ, ಹೊದಿಕೆ ಹೊದಿಸಿ, ಗುಟ್ಟಾಗಿ ಜಮ್ಮು ಕಡೆಯಿಂದ ಶ್ರೀನಗರ ದಾಟಿಸಿ ಬಾಲ್ತಾಲ್‌ವರೆಗೆ ತಂದರು. ಬಿಚ್ಚಿದ್ದು ಗುಟ್ಟಿಗೂ ಹೌದು, ದಾರಿಯ ಸೇತುವೆಗಳು ಭಾರ ತಡೀಲಿ ಅಂತಲೂ ಹೌದು. ಬಾಲ್ತಾಲಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯೋ ದಾರಿ. ಅದನ್ನು ಬಂಡೆ ಒಡೆದು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಇವರ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ.

1948ರ ನವೆಂಬರ್ 1ರಂದು ಟ್ಯಾಂಕುಗಳು ಜೊಜಿಲಾ ಏರಿದವು. ಮುಂಚೂಣಿಯಲ್ಲಿ ತಿಮ್ಮಯ್ಯನವರೂ ಇದ್ದರು. ಅಷ್ಟು ಎತ್ತರದಲ್ಲಿ ಅದುವರೆಗೆ ಎಲ್ಲೂ ಟ್ಯಾಂಕ್ ಕಾಳಗ ನಡೆದಿರಲಿಲ್ಲ. ಎದುರಾಳಿಗಳು ಕಕ್ಕಾಬಿಕ್ಕಿಯಾದರು. ಅದೇ ತಿಂಗಳು ದ್ರಾಸ್, ಆಮೇಲೆ ಕಾರ್ಗಿಲ್ ಕೈಗೆ ಬಂತು, ಲೇಹ್ ದಾರಿ ತೆರೆಯಿತು.

ಗುಲ್ಮಾರ್ಗಿನ ಶಾಲೆ

ಗೆದ್ದವರು ಸಾಮಾನ್ಯವಾಗಿ ಹಾರ ಹಾಕಿಸಿಕೊಂಡು ಸುಮ್ಮನಾಗ್ತಾರೆ. ತಿಮ್ಮಯ್ಯ ಸುಮ್ಮನಾಗಲಿಲ್ಲ. ಟ್ಯಾಂಕಿನ ಉಪಾಯ ಒಂದು ಸಲಕ್ಕೆ ಸರಿ. ಪ್ರತಿ ಚಳಿಗಾಲವೂ ಆ ಎತ್ತರದಲ್ಲಿ ಕಾವಲು ಕೂರಬೇಕಾದವರು ಮನುಷ್ಯರು. ಅವರಿಗೆ ಹಿಮದಲ್ಲಿ ನಡೆಯೋದು, ಜಾರೋದು, ಬದುಕೋದು ಕಲಿಸಬೇಕು. 1948ರ ಡಿಸೆಂಬರಿನಲ್ಲೇ, ಕದನವಿರಾಮಕ್ಕೂ ಮುಂಚೆ, ಗುಲ್ಮಾರ್ಗಿನಲ್ಲಿ 19ನೇ ಡಿವಿಜನ್ನಿನ ಸ್ಕೀ ಶಾಲೆ ಶುರುವಾಯಿತು.

ಗುಲ್ಮಾರ್ಗಿನಲ್ಲಿ ಸ್ಕೀ ಹೊಸದೇನಲ್ಲ. ಬ್ರಿಟಿಷರು 1927ರಲ್ಲೇ ಅಲ್ಲಿ ಸ್ಕೀ ಕ್ಲಬ್ ಮಾಡಿದ್ದರು. ಅದು ಸಾಹೇಬರ ರಜೆಯ ಮೋಜು. ತಿಮ್ಮಯ್ಯನವರ ಶಾಲೆಗೆ ಬಂದವರು ಹಿಮವನ್ನೇ ನೋಡದ ಊರಿನ ಹುಡುಗರು, ನಮ್ಮ ನಿಮ್ಮಂಥವರು. ಅಲ್ಲಿ ಸ್ಕೀ ಒಂದು ವಾಹನ, ಸೈಕಲ್ ಇದ್ದ ಹಾಗೆ. ಹಿಮದ ಮೇಲೆ ಬೂಟಿನಲ್ಲಿ ನಡೆದರೆ ಸೊಂಟದವರೆಗೆ ಹೂತುಹೋಗುವ ಜಾಗದಲ್ಲಿ, ಉದ್ದನೆ ಹಲಗೆ ದೇಹದ ಭಾರವನ್ನು ಹರಡಿ ಮೇಲೆ ನಿಲ್ಲಿಸುತ್ತದೆ. ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ, ಮೊದಲ ಸೆಮ್ಮಿನ ಲೆಕ್ಕ ಅಷ್ಟೇ.

ಆ ಶಾಲೆ ಬೆಳೆದು 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ನಮ್ಮ ಪ್ರಶ್ನೆಗೆ ಉತ್ತರ ಸಿಗೋದೇ ಇಲ್ಲಿ. ಆ ಶಾಲೆ ವರ್ಷವನ್ನು ಎರಡು ಭಾಗ ಮಾಡುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಗುಲ್ಮಾರ್ಗ್: ಸ್ಕೀ, ಹಿಮದಲ್ಲಿ ಬದುಕುವ ಕಲೆ, ಹಿಮಪಾತದಲ್ಲಿ ಸಿಕ್ಕವರನ್ನು ಹೊರತೆಗೆಯುವ ಕೆಲಸ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸೋನಾಮಾರ್ಗ್: ಬಂಡೆ ಹತ್ತೋದು, ಹಗ್ಗದ ಕೆಲಸ, ನೀರ್ಗಲ್ಲಿನ ಗೋಡೆ ಏರೋದು. ಹಿಮ ಕರಗಿತು ಅಂತ ಶಾಲೆಗೆ ಬೀಗ ಹಾಕೋದಿಲ್ಲ. ಬೇಸಿಗೆ ಅಲ್ಲಿ ರಜೆಯಲ್ಲ, ಎರಡನೇ ಸೆಮಿಸ್ಟರ್. ಚಳಿಗಾಲದಲ್ಲಿ ಕೆಳಕ್ಕೆ ಜಾರೋದು ಕಲಿತವನು ಬೇಸಿಗೆಯಲ್ಲಿ ಅದೇ ಬೆಟ್ಟವನ್ನು ಮೇಲಕ್ಕೆ ಹತ್ತೋದು ಕಲಿತರೆ ಮಾತ್ರ ಪೂರ್ತಿ ಬೆಟ್ಟ ಗೊತ್ತಾದ ಹಾಗೆ.

ಗುಲ್ಮಾರ್ಗಿನಲ್ಲಿ ಸಾಮಾನ್ಯ ಜನರಿಗಾಗಿ ಆಮೇಲೆ ಬಂದ ಸಂಸ್ಥೆಯ ಹೆಸರಲ್ಲೂ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಎರಡೂ ಜೊತೆಗಿರೋದು ಸುಮ್ಮನೆ ಅಲ್ಲ.

ಕೊರಿಯಾ, ದೆಹಲಿ, ಸೈಪ್ರಸ್

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀವಿ, ಅದಕ್ಕೇ ಬೇರೆ ಲೇಖನ ಬೇಕು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ 22,000ಕ್ಕೂ ಹೆಚ್ಚು ಕೈದಿಗಳ ಭವಿಷ್ಯ ತೀರ್ಮಾನಿಸಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯ. ಅಲ್ಲಿನ ಭಾರತೀಯ ಪಡೆಯ ಮುಖ್ಯಸ್ಥರು ಅರಕಾನಿನ ಹಳೆಯ ಜೊತೆಗಾರ ಥೋರಟ್. ಎರಡೂ ಬಣಗಳು ಅನುಮಾನದಿಂದ ನೋಡುವ ಕೆಲಸವನ್ನು ಸಮಾಧಾನದಿಂದ ಮುಗಿಸಿ ಬಂದರು. 1954ರಲ್ಲಿ ಪದ್ಮಭೂಷಣ ಬಂತು.

1957ರ ಮೇ ತಿಂಗಳಲ್ಲಿ ಸೇನಾ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದಿಕೆ ಆಗಲಿಲ್ಲ. 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒತ್ತಾಯಕ್ಕೆ ವಾಪಸ್ ತಗೊಂಡರು. ಸಂಸತ್ತಿನಲ್ಲಿ ದೊಡ್ಡ ಗದ್ದಲವಾಯಿತು. 1961ರ ಮೇನಲ್ಲಿ ನಿವೃತ್ತರಾದರು.

ಒಂದೂವರೆ ವರ್ಷ ಕಳೆಯೋದರೊಳಗೆ, 1962ರ ಅಕ್ಟೋಬರಿನಲ್ಲಿ, ಚೀನಾ ಯುದ್ಧ ಬಂತು. ಹತ್ತಿಬಟ್ಟೆ, ಕ್ಯಾನ್ವಾಸ್ ಬೂಟು ಹಾಕಿಕೊಂಡೇ ನಮ್ಮ ಎಷ್ಟೋ ಸೈನಿಕರು ಹಿಮದ ಎತ್ತರಕ್ಕೆ ಹೋಗಬೇಕಾಯಿತು. ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ಗುಲ್ಮಾರ್ಗಿನ ಚಿಕ್ಕ ಶಾಲೆ ಹದಿನಾಲ್ಕು ವರ್ಷದ ಹಿಂದೆಯೇ ಹೇಳಿಕೊಡಲು ಶುರುಮಾಡಿದ್ದ ಪಾಠ ಇಡೀ ಸೈನ್ಯಕ್ಕೆ ಮುಟ್ಟಿರಲಿಲ್ಲ. ತಯಾರಿ ಅನ್ನೋದು ಯುದ್ಧದ ದಿನ ಶುರುವಾಗಲ್ಲ, ಹಿಮ ಬೀಳುವ ದಿನವೂ ಶುರುವಾಗಲ್ಲ. ಅದು ಹಿಂದಿನ ಬೇಸಿಗೆಯಲ್ಲಿ ಆಗಿರಬೇಕು. ಈ ಲೇಖನದಲ್ಲಿ ನಾವು ಹೇಳಬೇಕು ಅಂದುಕೊಂಡ ಒಂದೇ ಮಾತು ಇದು.

1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ಶಾಂತಿಪಾಲನಾ ಪಡೆಯ ಕಮಾಂಡರ್ ಮಾಡಿತು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಸೈಪ್ರಸ್ 1966ರಲ್ಲಿ ಅವರ ಅಂಚೆಚೀಟಿ ತಂದಿತು. ಸ್ನೋಬೋರ್ಡ್ ಅಭಿಮಾನಿಗಳಿಗೆ ಒಂದು ಕಾಕತಾಳೀಯ ಹೇಳ್ತೀವಿ: ಅವರು ತೀರಿಕೊಂಡ ಒಂದು ವಾರಕ್ಕೆ, ಕ್ರಿಸ್‌ಮಸ್ ದಿನ, ಅಮೆರಿಕದ ಮಿಶಿಗನ್‌ನಲ್ಲಿ ಶರ್ಮನ್ ಪಾಪ್ಪೆನ್ ಅನ್ನೋ ಎಂಜಿನಿಯರ್ ಮಗಳ ಆಟಕ್ಕೆ ಅಂತ ಎರಡು ಸ್ಕೀ ಹಲಗೆ ಜೋಡಿಸಿದರು. ಇವತ್ತಿನ ಸ್ನೋಬೋರ್ಡಿನ ಅಜ್ಜ ಅದೇ. ಅದಕ್ಕಿಟ್ಟ ಹೆಸರು ಸ್ನರ್ಫರ್, ಹಿಮ ಮತ್ತು ಸರ್ಫಿಂಗ್ ಎರಡೂ ಸೇರಿದ ಪದ. ಬೇಸಿಗೆಯ ಕಡಲಾಟ ಚಳಿಗಾಲಕ್ಕೆ ಹೋಗಿ ಹೊಸ ಆಟವಾಯಿತು.

ನಮ್ಮ ಕಡೆ ಬೇಸಿಗೆ

ಕರ್ನಾಟಕ ಸರ್ಕಾರದ ಸಾಹಸ ಅಕಾಡೆಮಿಗೆ ಇರೋ ಹೆಸರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜೊತೆ ಕೆಲಸ ಮಾಡುವ ಸಂಸ್ಥೆ. ಬಂಡೆ ಹತ್ತೋದು, ಚಾರಣ, ಜಲಕ್ರೀಡೆ ಕಲಿಸುತ್ತದೆ. ಕಾಶ್ಮೀರದಲ್ಲಿ ಸ್ಕೀ ಶಾಲೆ ತೆರೆದವರ ಹೆಸರಿನಲ್ಲಿ ಹಿಮವಿಲ್ಲದ ನಾಡಿನ ಹುಡುಗ ಹುಡುಗಿಯರು ಹಗ್ಗ ಹಿಡಿಯೋದು ಕಲೀತಿದ್ದಾರೆ. ಇದಕ್ಕಿಂತ ಸರಿಯಾದ ಸ್ಮಾರಕ ಬೇಕಾ?

ಸ್ಕೀ ಹುಚ್ಚಿನವರು ಬೇಸಿಗೆಯಲ್ಲಿ ಉಳಿಸಿಕೊಳ್ಳಬೇಕಾದ್ದು ಮೂರು: ಸಮತೋಲ, ತೊಡೆ ಮತ್ತು ಮಂಡಿಯ ಬಲ, ಇಳಿಜಾರನ್ನು ಓದುವ ಕಣ್ಣು.

ಸಮತೋಲಕ್ಕೆ ಚಕ್ರದ ಸ್ಕೇಟಿಂಗ್. ಒಂದೇ ಸಾಲಿನಲ್ಲಿ ಚಕ್ರ ಇರುವ ಸ್ಕೇಟಿನಲ್ಲಿ ಮಂಡಿ ಬಗ್ಗಿಸಿ ಭಾರವನ್ನು ಒಂದು ಕಾಲಿಂದ ಇನ್ನೊಂದು ಕಾಲಿಗೆ ದಾಟಿಸಿ ತಿರುಗೋದು ಸ್ಕೀ ತಿರುವಿಗೆ ತೀರಾ ಹತ್ತಿರ. ಸ್ನೋಬೋರ್ಡಿನವರಿಗೆ ಸ್ಕೇಟ್‌ಬೋರ್ಡ್. ಇದು ಹುಟ್ಟಿದ್ದೇ ಅಲೆ ಇಲ್ಲದ ದಿನ ಏನ್ ಮಾಡೋದು ಅಂತ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು ಯೋಚಿಸಿದ್ದರಿಂದ. ಕಾಲೇಜಿನ ಕಾಂಕ್ರೀಟ್ ನೆಲ ಸಾಕು. ಹೆಲ್ಮೆಟ್, ಮಂಡಿ ಕವಚ ಮಾತ್ರ ಬಿಡಬೇಡಿ. ಹಿಮದ ಮೇಲೆ ಬಿದ್ದರೆ ಒದ್ದೆ ಆಗ್ತೀರಿ, ಕಾಂಕ್ರೀಟ್ ಮೇಲೆ ಬಿದ್ದರೆ ಹೊಲಿಗೆ ಹಾಕಿಸ್ಕೋಬೇಕಾಗುತ್ತೆ.

ಬಲಕ್ಕೆ ಬೆಟ್ಟ. ಚನ್ನಗಿರಿಯವರಿಗೆ ಊರ ಮಗ್ಗುಲಲ್ಲೇ ಕೋಟೆ ಗುಡ್ಡ ಇದೆ. ನ್ಯಾಮತಿಯವರಿಗೆ ಬೆಳಗುತ್ತಿ ಬಳಿ ತೀರ್ಥರಾಮೇಶ್ವರ. ಬೆಳಗಿನ ಜಾವ ಹತ್ತಿ, ನಿಧಾನಕ್ಕೆ ಇಳಿಯಿರಿ. ಸ್ಕೀಯಲ್ಲಿ ತೊಡೆ ಉರಿಯೋದು ಇಳಿಯುವಾಗ, ಮಾಂಸಖಂಡ ಉದ್ದವಾಗ್ತಾ ಭಾರ ತಡೆಯುವುದರಿಂದ. ಬೆಟ್ಟ ಇಳಿಯುವಾಗಲೂ ಅದೇ ಕೆಲಸ. ಆದ್ದರಿಂದ ಹತ್ತಿದ್ದಕ್ಕಿಂತ ಇಳಿದದ್ದೇ ನಿಮ್ಮ ಅಭ್ಯಾಸ.

ಕಣ್ಣಿಗೆ ಬಂಡೆ ಮತ್ತು ನೀರು. ಜಗಳೂರು ಕಡೆ ಬಂಡೆಗುಡ್ಡಕ್ಕೆ ಕೊರತೆಯಿಲ್ಲ. ಆದರೆ ರಂಗಯ್ಯನದುರ್ಗ ಕೊಂಡುಕುರಿಗಳ ವನ್ಯಧಾಮ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಕಾಲಿಡಬಾರದು. ಹಗ್ಗ ಬೇಕಾದ ಬಂಡೆಯನ್ನು ಮೊದಲ ಸಲ ತರಬೇತುದಾರರಿಲ್ಲದೆ ಹತ್ತಲೇಬೇಡಿ. ರಾಮನಗರ, ಬಾದಾಮಿ ಬಂಡೆಗಳಲ್ಲಿ ಕಲಿತವರ ಜೊತೆ ಹೋಗಿ. ನೀರಿನ ಮಾತಿಗೆ ಬಂದರೆ ಹೊನ್ನಾಳಿಯವರಿಗೆ ತುಂಗಭದ್ರೆ, ಚನ್ನಗಿರಿಯವರಿಗೆ ಸೂಳೆಕೆರೆ ಇದೆ. ಹರಿಯೋ ನೀರು ಎಲ್ಲಿ ವೇಗವಾಗುತ್ತದೆ, ಎಲ್ಲಿ ಸುಳಿಯಾಗುತ್ತದೆ ಅಂತ ಓದೋದು ಹಿಮದ ಇಳಿಜಾರು ಓದುವ ಅಭ್ಯಾಸವೇ. ಆದರೆ ದಡದಲ್ಲಿ ನಿಂತು ಓದಿ. ದೋಣಿ, ಕಯಾಕ್ ಅಂದ್ರೆ ಲೈಫ್ ಜಾಕೆಟ್ ಮತ್ತು ಕಲಿಸುವವರು ಇಬ್ಬರೂ ಜೊತೆಗಿರಬೇಕು. ನಮ್ಮ ಕಡೆ ಬೇಸಿಗೆ ರಜೆಯಲ್ಲಿ ಹೊಳೆಗೆ ಇಳಿದು ಹೋದ ಹುಡುಗರ ಸುದ್ದಿ ಪ್ರತಿ ವರ್ಷ ಓದ್ತೀವಿ. ಸಾಹಸ ಬೇರೆ, ಹುಂಬತನ ಬೇರೆ. ಟ್ಯಾಂಕ್ ಜೊಜಿಲಾ ಹತ್ತಿದ್ದು ಧೈರ್ಯದಿಂದ ಮಾತ್ರ ಅಲ್ಲ, ಮೊದಲು ಸ್ಯಾಪರ್‌ಗಳು ದಾರಿ ಮಾಡಿದ್ದರಿಂದ.

ಮುಂದಿನ ಸಲ ಕೊಡಗಿಗೆ ಟ್ರಿಪ್ ಹೋದಾಗ ರಾಜಾಸೀಟಿನಲ್ಲಿ ಫೋಟೋ ತೆಗೆಸಿಕೊಂಡು ವಾಪಸ್ ಬರಬೇಡಿ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಇದೆ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಿ ಬನ್ನಿ. ಕಾಫಿ ನಾಡಿನಲ್ಲಿ ಹುಟ್ಟಿ, ಮರಳಲ್ಲಿ ನಡೆದು, ಕಾಡಿನಲ್ಲಿ ಹೋರಾಡಿ, ನಲವತ್ತೆರಡನೇ ವಯಸ್ಸಿನಲ್ಲಿ ಹಿಮದ ಶಾಲೆ ಶುರುಮಾಡಿದವರ ಮನೆ ಅದು. ಇಪ್ಪತ್ತರ ಆಸುಪಾಸಿನಲ್ಲಿರುವ ನಮಗೆ ಹಿಮ ಕಾಣೋಕೆ, ಅದಕ್ಕೂ ಮುಂಚೆ ತಯಾರಾಗೋಕೆ, ಇನ್ನೂ ಬೇಕಾದಷ್ಟು ಬೇಸಿಗೆಗಳಿವೆ.